ಓದುಗರ ಪ್ರಶ್ನೆ: ಜರತುಷ್ಟ್ರ ಧರ್ಮದ ಗ್ರಂಥಗಳು ಇಸ್ಲಾಂ ಬಗ್ಗೆ ಏನು ಹೇಳುತ್ತವೆ?

ಕಳೆದ ಸಂಚಿಕೆಯಲ್ಲಿ ಇರಾನಿನ ಕೊನೆಯ ಸಾಸಾನಿ ದೊರೆ ಮೂರನೇ ಯಜ್ದೆಗರ್ದ್ ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. 651ರಲ್ಲಿ ಮರ್ವ್ ಊರಿನ ಹತ್ತಿರ ಅವನ ಕೊಲೆಯಾಯಿತು, ಅಲ್ಲಿಗೆ ನಾಲ್ಕು ಶತಮಾನಗಳ ಸಾಮ್ರಾಜ್ಯ ಮುಗಿಯಿತು ಅಂತ. ಸಾಸಾನಿಗಳದು ಜರತುಷ್ಟ್ರ ಧರ್ಮ, ಗೆದ್ದವರು ಅರಬ್ ಮುಸ್ಲಿಮರು. ಅದನ್ನು ಓದಿ ಬಂದ ಪತ್ರಗಳೆಲ್ಲ ಸುತ್ತಿ ಬಳಸಿ ಒಂದೇ ವಿಷಯ ಕೇಳಿವೆ: ಸೋತವರು ಗೆದ್ದವರ ಧರ್ಮದ ಬಗ್ಗೆ ಏನು ಬರೆದಿಟ್ಟರು? ಅದಕ್ಕೆ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇನೆ.

ಪ್ರಶ್ನೆ: ಅವೆಸ್ತಾದಲ್ಲಿ ಇಸ್ಲಾಂ ಬಗ್ಗೆ ಏನಾದರೂ ಇದೆಯೇ?

ಇಲ್ಲ. ಇರಲು ಸಾಧ್ಯವೂ ಇಲ್ಲ. ಅವೆಸ್ತಾ, ಅಂದರೆ ಜರತುಷ್ಟ್ರರ ಮೂಲ ಧರ್ಮಗ್ರಂಥ, ಇಸ್ಲಾಂಗಿಂತ ತುಂಬಾ ಹಳೆಯದು. ಅದರಲ್ಲಿರುವ ಗಾಥೆಗಳಂತೂ ಪ್ರವಾದಿ ಮುಹಮ್ಮದರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನವು.

ನೀವು ಹುಡುಕಬೇಕಾದ್ದು ಪಹ್ಲವಿ ಗ್ರಂಥಗಳಲ್ಲಿ. ಸಾಸಾನಿಗಳ ಕಾಲದ ಪರ್ಷಿಯನ್ ಭಾಷೆ ಅದು. ಅದರಲ್ಲಿ ಬರೆದ ಧಾರ್ಮಿಕ ಪುಸ್ತಕಗಳು ಈಗಿನ ರೂಪಕ್ಕೆ ಬಂದದ್ದು ಬಹುಪಾಲು 9 ಮತ್ತು 10ನೇ ಶತಮಾನಗಳಲ್ಲಿ. ಅಂದರೆ ರಾಜ್ಯ ಹೋಗಿ ಇನ್ನೂರು ವರ್ಷ ಆದಮೇಲೆ. ಯಾಕೆ ಇಷ್ಟು ತಡ? ಸೋತ ತಕ್ಷಣ ಜನ ಒಟ್ಟಿಗೆ ಧರ್ಮ ಬಿಡಲಿಲ್ಲ. ಮುಸ್ಲಿಮೇತರರ ಮೇಲೆ ಹಾಕುತ್ತಿದ್ದ ಜಿಜಿಯಾ ತೆರಿಗೆ ಕಟ್ಟಿಕೊಂಡು ತಮ್ಮ ಪಾಡಿಗೆ ತಾವು ಇದ್ದರು. ಕುರಾನಿನಲ್ಲಿ 'ಮಜೂಸ್' ಅಂತ ಇವರ ಹೆಸರು ಒಂದೇ ಒಂದು ಕಡೆ ಬರುತ್ತದೆ, 22ನೇ ಅಧ್ಯಾಯದಲ್ಲಿ. ಆಳುವವರು ಇವರನ್ನು ಯಹೂದಿ, ಕ್ರೈಸ್ತರ ಸಾಲಿನಲ್ಲೇ ಹೆಚ್ಚುಕಮ್ಮಿ ಇಟ್ಟು ತೆರಿಗೆ ವಸೂಲಿ ಮಾಡಿದರು. ಆದರೆ ಪೀಳಿಗೆ ಕಳೆದಂತೆ ಪೇಟೆಯ ಜನ, ಸರ್ಕಾರಿ ಕೆಲಸದವರು, ಕುಶಲಕರ್ಮಿಗಳು ಒಬ್ಬೊಬ್ಬರಾಗಿ ಮತಾಂತರವಾಗುತ್ತಾ ಹೋದರು. 9ನೇ ಶತಮಾನದ ಹೊತ್ತಿಗೆ ಪುರೋಹಿತರಿಗೆ ನಿಜವಾದ ಭಯ ಹತ್ತಿತು. ಪೆನ್ನು ಹಿಡಿದದ್ದು ಆಗ.

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಎಲ್ಲ ಉತ್ತರಗಳಿಗೂ ಇದು ಬೇಕು. ಈ ಪುಸ್ತಕಗಳನ್ನು ಬರೆದದ್ದು ಮುಸ್ಲಿಮರ ಮನಸ್ಸು ಬದಲಾಯಿಸಲಿಕ್ಕೆ ಅಲ್ಲ. ಅವರು ಇದನ್ನು ಓದಲಿ ಅಂತಲೂ ಅಲ್ಲ. ಬಾಗಿಲ ಹತ್ತಿರ ನಿಂತಿರುವ ತಮ್ಮವರನ್ನೇ ಒಳಗೆ ಉಳಿಸಿಕೊಳ್ಳಲಿಕ್ಕೆ ಬರೆದದ್ದು.

ಪ್ರಶ್ನೆ: ಆ ಗ್ರಂಥಗಳು ಇಸ್ಲಾಂ ಅನ್ನೋ ಹೆಸರನ್ನೇ ಎತ್ತುವುದಿಲ್ಲವಂತೆ, ನಿಜವೇ?

ವಾದದ ಪುಸ್ತಕಗಳ ಮಟ್ಟಿಗೆ ಬಹುಪಾಲು ನಿಜ. 'ದೇನ್‌ಕರ್ದ್' ಪಹ್ಲವಿಯ ಅತಿ ದೊಡ್ಡ ಗ್ರಂಥ. ಒಂಬತ್ತು ಭಾಗ ಇತ್ತು. ಮೊದಲೆರಡು ಕಳೆದುಹೋಗಿವೆ, ಮೂರನೆಯದರ ಆರಂಭವೂ ಇಲ್ಲ. ಆ ಮೂರನೇ ಭಾಗದ ತುಂಬಾ ಬೇರೆ ಧರ್ಮದವರ ಜೊತೆ ಜಗಳ ಇದೆ. ಯಹೂದಿಗಳನ್ನು ಹೆಸರು ಹಿಡಿದು ಬೈಯುತ್ತಾರೆ, 3ನೇ ಶತಮಾನದಲ್ಲಿ ಬೇರೊಂದು ಧರ್ಮ ಹುಟ್ಟುಹಾಕಿದ ಮಾನಿಯನ್ನು ಹೆಸರು ಹಿಡಿದು ಬೈಯುತ್ತಾರೆ. ಇಸ್ಲಾಂ ಸರದಿ ಬಂದಾಗ ಮಾತ್ರ 'ಕೆಟ್ಟ ಧರ್ಮದವರು', 'ಮತ ಕಟ್ಟಿದವರು' ಅಂತ ತೇಲಿಸಿಬಿಡುತ್ತಾರೆ.

ಕಾರಣ ಊಹಿಸುವುದು ಕಷ್ಟವಲ್ಲ, ಅಲ್ವಾ? ದೇನ್‌ಕರ್ದ್ ಕಟ್ಟಲು ಶುರು ಮಾಡಿದ ಆದುರ್‌ಫರ್ನ್‌ಬಗ್ ಎಂಬ ಮುಖ್ಯ ಪುರೋಹಿತರು ಬಾಗ್ದಾದಿನ ಖಲೀಫನ ಆಸ್ಥಾನಕ್ಕೆ ಹೋಗಿ ಬರುತ್ತಿದ್ದವರು. ಆಳುವವನ ಧರ್ಮವನ್ನು ಹೆಸರಿಟ್ಟು ಹೀಗಳೆಯುವುದು ಜೀವಕ್ಕೇ ಅಪಾಯ. ಇನ್ನೊಂದು ರಕ್ಷಣೆಯೂ ಇತ್ತು, ಅದು ಲಿಪಿ. ಪಹ್ಲವಿ ಲಿಪಿಯಲ್ಲಿ ಅಕ್ಷರ ತೀರಾ ಕಡಿಮೆ. ಒಂದೇ ಗೀಟು ಎರಡು ಮೂರು ಧ್ವನಿಗೆ ನಿಲ್ಲುತ್ತದೆ, ಸಾಲದ್ದಕ್ಕೆ ಅರಾಮಿಕ್ ಪದ ಬರೆದು ಪರ್ಷಿಯನ್ನಿನಲ್ಲಿ ಓದುವ ಪದ್ಧತಿ ಬೇರೆ. ಪುರೋಹಿತರ ಮನೆಯಲ್ಲಿ ಕಲಿತವರಿಗೆ ಬಿಟ್ಟು ಯಾರಿಗೂ ಅದು ಬಿಡಿಸಲಾಗದ ಗಂಟು. ಹಾಗಾಗಿ ಕಟುವಾದ ಮಾತನ್ನೂ ಧೈರ್ಯವಾಗಿ ಬರೆದರು, ಹೆಸರು ಮಾತ್ರ ಬಿಟ್ಟರು.

ಚರಿತ್ರೆ ಮತ್ತು ಭವಿಷ್ಯದ ಪುಸ್ತಕಗಳಲ್ಲಿ ಈ ಸಂಕೋಚ ಇಲ್ಲ. ಅಲ್ಲಿ ಅರಬರನ್ನು 'ತಾಜಿಗ್' ಅಂತ ನೇರವಾಗಿಯೇ ಕರೆಯುತ್ತಾರೆ. ಗಮನಿಸಿ, ಅಲ್ಲೂ ಹೆಸರು ಹಿಡಿಯುವುದು ಜನಾಂಗವನ್ನು. ಧರ್ಮವನ್ನಲ್ಲ.

ಪ್ರಶ್ನೆ: ಅವರ ಮುಖ್ಯ ಆಕ್ಷೇಪ ಏನಾಗಿತ್ತು? ವಿಗ್ರಹ, ಬಹುದೇವತೆ ಇತ್ಯಾದಿಯೇ?

ಅಲ್ಲ, ವಿಗ್ರಹದ ವಿಷಯದಲ್ಲಿ ಇಬ್ಬರದೂ ಒಂದೇ ನಿಲುವು. ಜಗಳ ಇದ್ದದ್ದು ಕೆಡುಕಿನ ಬಗ್ಗೆ. ಕೆಡುಕು ಎಲ್ಲಿಂದ ಬಂತು?

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿಟ್ಟವನು ಮರ್ದಾನ್ ಫರ್ರುಖ್, 9ನೇ ಶತಮಾನದವನು. ಅವನ ಪುಸ್ತಕದ ಹೆಸರು 'ಶ್ಕಂದ್ ಗುಮಾನಿಗ್ ವಿಜಾರ್', ಸಂಶಯ ಬಿಡಿಸುವ ವಿವರಣೆ ಅಂತ ಅರ್ಥ. ಸತ್ಯ ಹುಡುಕಿಕೊಂಡು ಹಿಂದೂಸ್ತಾನವೂ ಸೇರಿ ಹಲವು ದೇಶ ಸುತ್ತಿದೆ, ಹಲವು ಮತದವರನ್ನು ವಿಚಾರಿಸಿದೆ ಅಂತ ಅವನೇ ಹೇಳಿಕೊಳ್ಳುತ್ತಾನೆ. ಪುಸ್ತಕ ಬರೆದದ್ದು ಹೊಸದಾಗಿ ಧರ್ಮ ಕಲಿಯುವವರಿಗಾಗಿ. 11 ಮತ್ತು 12ನೇ ಅಧ್ಯಾಯ ಇಸ್ಲಾಂ ಕುರಿತದ್ದು. ಆಮೇಲೆ ಎರಡು ಯಹೂದಿಗಳ ಮೇಲೆ, ಒಂದು ಕ್ರೈಸ್ತರ ಮೇಲೆ, ಕೊನೆಯದು ಮಾನಿಯ ಮೇಲೆ. ಯಾರನ್ನೂ ಬಿಟ್ಟಿಲ್ಲ ಪುಣ್ಯಾತ್ಮ.

ಅವನು ಹಿಡಿಯುವ ದಾರಿ ಹೀಗೆ. ನೀವು ಹೇಳುತ್ತೀರಿ, ದೇವರು ಒಬ್ಬನೇ, ಎಲ್ಲ ಬಲ್ಲವನು, ಎಲ್ಲ ಮಾಡಬಲ್ಲವನು, ಕರುಣಾಮಯಿ. ಸರಿ. ಹಾಗಾದರೆ ಲೋಕದ ಕೆಡುಕನ್ನು ತಡೆಯಲು ಅವನಿಗೆ ಆಗುವುದಿಲ್ಲವೋ, ಮನಸ್ಸಿಲ್ಲವೋ? ಆಗದಿದ್ದರೆ ಎಲ್ಲ ಮಾಡಬಲ್ಲವನಲ್ಲ. ಮನಸ್ಸಿಲ್ಲದಿದ್ದರೆ ಕರುಣಾಮಯಿಯಲ್ಲ. ಸೃಷ್ಟಿಗಿಂತ ಮುಂಚೆ ಅವನೊಬ್ಬನೇ ಇದ್ದ ಅನ್ನುತ್ತೀರಿ, ಹಾಗಿದ್ದರೆ ಆಗ ಅವನಿಗೆ ಎದುರಾಳಿ ಯಾರು, ಈ ಶತ್ರು ಎಲ್ಲಿಂದ ಹುಟ್ಟಿದ?

ಆಮೇಲೆ ಇಬ್ಲೀಸನ, ಅಂದರೆ ಕುರಾನಿನ ಸೈತಾನನ, ಕಥೆಗೆ ಬರುತ್ತಾನೆ. ಬೆಂಕಿಯಿಂದ ಹುಟ್ಟಿದವನಿಗೆ, ಮಣ್ಣಿನಿಂದ ಮಾಡಿದ ಮನುಷ್ಯನಿಗೆ ತಲೆಬಾಗು ಅಂದದ್ದು ದೇವರೇ. ಅವನು ಬಾಗಲಿಲ್ಲ. ಬಾಗುವುದಿಲ್ಲ ಅಂತ ಗೊತ್ತಿದ್ದೇ ಆಜ್ಞೆ ಕೊಟ್ಟನಾ? ಗೊತ್ತಿದ್ದರೆ ಆಮೇಲೆ ಸಿಟ್ಟು ಯಾಕೆ? ಶಪಿಸಿದವನಿಗೆ ದೀರ್ಘಾಯುಷ್ಯ ಕೊಟ್ಟು, ಮನುಷ್ಯರ ದಾರಿ ತಪ್ಪಿಸಲು ಬಿಟ್ಟದ್ದು ಯಾಕೆ? ಆ ತೋಟದ ಹಣ್ಣು ತಿನ್ನಬೇಡ ಅಂದ, ತಿನ್ನುತ್ತಾರೆ ಅಂತ ತಿಳಿದಿತ್ತು. ತೋಟಕ್ಕೆ ಗಟ್ಟಿಯಾದ ಕೋಟೆಯನ್ನಾದರೂ ಕಟ್ಟಬಾರದಿತ್ತೇ, ಆ ವಂಚಕ ಒಳಗೆ ನುಗ್ಗದ ಹಾಗೆ? ಓದುವಾಗ ನನಗೆ ನಗು ಬಂದದ್ದು ಈ ಕೋಟೆಯ ಪ್ರಶ್ನೆಗೆ. ಹೆಚ್ಚುಕಮ್ಮಿ ಒಬ್ಬ ಮೇಸ್ತ್ರಿ ಕೇಳುವ ಥರ ಇದೆ. ಆದರೆ ತಮಾಷೆಗೆ ಕೇಳಿದ್ದಲ್ಲ. ಅಷ್ಟೆಲ್ಲ ಪ್ರವಾದಿಗಳನ್ನು ಕಳಿಸಿದರೂ ದಾರಿ ತಪ್ಪಿದವರ ಸಂಖ್ಯೆಯೇ ಜಾಸ್ತಿ ಅಂದಮೇಲೆ ಯಾರ ಇಚ್ಛೆ ಗೆದ್ದ ಹಾಗಾಯಿತು, ದೇವರದೋ ದಾರಿ ತಪ್ಪಿಸುವವನದೋ ಅಂತಲೂ ಕೇಳುತ್ತಾನೆ.

ಅವನ ಸ್ವಂತ ಉತ್ತರ ಏನು? ಒಳ್ಳೆಯದರಿಂದ ಕೆಟ್ಟದ್ದು ಹುಟ್ಟುವುದಿಲ್ಲ. ಓಹರ್ಮಜ್ದ್, ಅಂದರೆ ಅಹುರ ಮಜ್ದಾ, ಪೂರ್ತಿ ಒಳ್ಳೆಯವನು. ಕೆಡುಕೆಲ್ಲ ಅಹ್ರಿಮನ್ ಎಂಬ ಬೇರೆಯೇ ಮೂಲದಿಂದ ಬಂದದ್ದು. ಈಗ ನಡೆಯುತ್ತಿರುವುದು ಯುದ್ಧ, ಕೊನೆಗೆ ಕೆಡುಕು ಸೋಲುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಈ ಪ್ರಶ್ನೆ ಮುಸ್ಲಿಂ ವಿದ್ವಾಂಸರಿಗೆ ಹೊಳೆದೇ ಇರಲಿಲ್ಲ ಅಂದುಕೊಳ್ಳಬೇಡಿ. ಅದೇ ಕಾಲದಲ್ಲಿ, ಬಾಗ್ದಾದ್ ಇರುವ ಇರಾಕಿನಲ್ಲಿ, ಮುತಜಿಲಾ ಪಂಥದವರು ದೇವರು ನ್ಯಾಯವಂತ, ಅವನು ಅನ್ಯಾಯ ಮಾಡುವುದೇ ಇಲ್ಲ, ಕೆಟ್ಟ ಕೆಲಸಕ್ಕೆ ಮನುಷ್ಯನೇ ಹೊಣೆ ಅಂತ ವಾದಿಸುತ್ತಿದ್ದರು. ಎದುರು ಪಂಥದವರು ಎಲ್ಲವೂ ದೇವರ ಸೃಷ್ಟಿಯೇ ಅನ್ನುತ್ತಿದ್ದರು. ಮರ್ದಾನ್ ಫರ್ರುಖನಿಗೆ ಮುತಜಿಲಾಗಳ ಪರಿಚಯ ಇತ್ತು, ಅವರ ಹೆಸರನ್ನು ಬರೆದಿದ್ದಾನೆ. ಅಂದರೆ ಅವನು ದೂರದಲ್ಲಿ ಕೂತು ಕಲ್ಲು ಎಸೆಯುತ್ತಿಲ್ಲ, ಆ ಕಾಲದ ಬಿಸಿಬಿಸಿ ಚರ್ಚೆ ಕೇಳಿಸಿಕೊಂಡೇ ಬರೆದಿದ್ದಾನೆ. ಮುಸ್ಲಿಂ ವಿದ್ವಾಂಸರೂ ಸುಮ್ನೆ ಕೂರಲಿಲ್ಲ. ಎರಡು ಮೂಲ ಅಂತ ನಂಬುವವರಿಗೆ ಉತ್ತರ ಕೊಡುವುದು ಮುತಜಿಲಾಗಳಿಗೆ ಒಂದು ದೊಡ್ಡ ಕೆಲಸವೇ ಆಗಿತ್ತು.

ಪ್ರಶ್ನೆ: ಹಾಗಾದರೆ ಜರತುಷ್ಟ್ರರಿಗೆ ಇಬ್ಬರು ದೇವರೇ?

ಪೂಜೆ ಒಬ್ಬನಿಗೇ. ಅಹ್ರಿಮನ್ ದೇವರಲ್ಲ, ಶತ್ರು. ಎರಡು ಮೂಲ ಅನ್ನುವುದು ಬೇರೆ, ಇಬ್ಬರನ್ನು ಪೂಜಿಸುವುದು ಬೇರೆ. 19ನೇ ಶತಮಾನದಿಂದ ಈಚೆಗೆ ಅನೇಕ ಪಾರ್ಸಿಗಳು, ಅಂದರೆ ಭಾರತದ ಜರತುಷ್ಟ್ರರು, ತಮ್ಮದು ಏಕದೇವವಾದವೇ ಅಂತ ಒತ್ತಿ ಹೇಳುತ್ತಾರೆ. ಮರ್ದಾನ್ ಫರ್ರುಖ್ ಅದನ್ನು ಕೇಳಿದ್ದರೆ ಬಹುಶಃ ಒಪ್ಪುತ್ತಿರಲಿಲ್ಲ.

ಪ್ರಶ್ನೆ: ಇಸ್ಲಾಂ ಬರುತ್ತದೆ ಅಂತ ಅವರ ಗ್ರಂಥಗಳಲ್ಲಿ ಭವಿಷ್ಯ ಹೇಳಿದೆಯಂತೆ?

ಈ ಪ್ರಶ್ನೆ ಎರಡು ಥರದಲ್ಲಿ ಬಂದಿದೆ. ಮೊದಲು ಹಳೆಯ ಪುಸ್ತಕಗಳ ಮಾತು.

'ಜಂದ್ ಇ ವಹ್ಮನ್ ಯಸ್ನ್' ಎಂಬ ಗ್ರಂಥದಲ್ಲಿ ಧರ್ಮ ಸ್ಥಾಪಿಸಿದ ಪ್ರವಾದಿ ಜರತುಷ್ಟ್ರನಿಗೆ ಒಂದು ಮರ ಕಾಣಿಸುತ್ತದೆ, ಒಂದೊಂದು ಕೊಂಬೆ ಒಂದೊಂದು ಲೋಹದ್ದು. ಚಿನ್ನದಿಂದ ಶುರುವಾಗಿ ಕೊನೆಗೆ ಕಲಬೆರಕೆ ಕಬ್ಬಿಣ. ಒಂದೊಂದು ಕೊಂಬೆ ಒಂದೊಂದು ಯುಗ. ಕಬ್ಬಿಣದ ಯುಗದಲ್ಲಿ ಕೂದಲು ಕೆದರಿದ, ಚರ್ಮದ ಪಟ್ಟಿ ಕಟ್ಟಿದ ದುಷ್ಟರು ಇರಾನಿಗೆ ನುಗ್ಗುತ್ತಾರೆ. ಮಗ ಅಪ್ಪನನ್ನು ಹೊಡೆಯುತ್ತಾನೆ, ಕೊಟ್ಟ ಮಾತಿಗೆ ಬೆಲೆ ಇರುವುದಿಲ್ಲ, ಮೋಡ ಬಂದರೂ ಮಳೆ ಸುರಿಯುವುದಿಲ್ಲ, ಹೆಣಗಳನ್ನು ಮಣ್ಣಿನಲ್ಲಿ ಹೂಳುತ್ತಾರೆ. ನಮ್ಮ ಪುರಾಣಗಳ ಕಲಿಯುಗದ ವರ್ಣನೆ ಓದಿದವರಿಗೆ ಇದರ ಧಾಟಿ ಹೊಸದೇನಲ್ಲ. ಶತ್ರುಗಳ ಪಟ್ಟಿಯಲ್ಲಿ ಅರಬರ ಜೊತೆ ತುರ್ಕರೂ ರೋಮನ್ನರೂ ಇದ್ದಾರೆ. ಬೇರೆ ಬೇರೆ ಕಾಲದ ಸೋಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ.

'ಬುಂದಹಿಶ್ನ್' ಸೃಷ್ಟಿಯ ಕಥೆ ಹೇಳುವ ಗ್ರಂಥ. ಅದರಲ್ಲಿ ಇರಾನಿಗೆ ಯುಗ ಯುಗದಲ್ಲಿ ಬಂದ ಕೇಡುಗಳ ಒಂದು ಅಧ್ಯಾಯವೇ ಇದೆ. ಅದು ಮುಗಿಯುವ ಹೊತ್ತಿಗೆ ಯಜ್ದೆಗರ್ದ್ ಬರುತ್ತಾನೆ, ಇಪ್ಪತ್ತು ವರ್ಷ ಆಳುತ್ತಾನೆ, ಅರಬರು ಗುಂಪು ಗುಂಪಾಗಿ ನುಗ್ಗುತ್ತಾರೆ, ಅವನು ಸಹಾಯ ಕೇಳಲು ಖೊರಾಸಾನಿನ ಕಡೆ ಹೋಗಿ ಅಲ್ಲೇ ಸಾಯುತ್ತಾನೆ. ಗೆದ್ದವರು ತಮ್ಮ ಪದ್ಧತಿ ಹರಡಿದರು, ಹಿರಿಯರ ಪದ್ಧತಿ ಹಾಳಾಯಿತು, ಹೆಣ ತೊಳೆಯುವುದು, ಹೆಣ ಹೂಳುವುದು ಶುರುವಾಯಿತು ಅಂತ ಬರೆದು, ಸೃಷ್ಟಿ ಆದಾಗಿನಿಂದ ಇವತ್ತಿನವರೆಗೆ ಇದಕ್ಕಿಂತ ದೊಡ್ಡ ಕೇಡು ಬಂದಿಲ್ಲ ಅನ್ನುತ್ತದೆ.

ಹೆಣ ಹೂಳುವ ಮಾತು ಮತ್ತೆ ಮತ್ತೆ ಯಾಕೆ ಬರುತ್ತದೆ ಅಂತ ಅನ್ನಿಸಬಹುದು. ಅವರಿಗೆ ಮಣ್ಣು, ನೀರು, ಬೆಂಕಿ ಮೂರೂ ಪವಿತ್ರ. ಹೆಣ ಅಂದರೆ ಅಹ್ರಿಮನ್ ಕೈ ಇಟ್ಟ ವಸ್ತು. ಅದನ್ನು ಮಣ್ಣಿಗೆ ಹಾಕಿದರೆ ಭೂಮಿಗೇ ಮೈಲಿಗೆ. ಅದಕ್ಕೇ ದಖ್ಮಗಳಲ್ಲಿ, ಅಂದರೆ ಹೆಣ ಇಡುವ ಬಯಲು ಗೋಪುರಗಳಲ್ಲಿ, ಹದ್ದುಗಳಿಗೆ ಬಿಡುತ್ತಿದ್ದದ್ದು. ದೊರೆ ಸತ್ತದ್ದಕ್ಕಿಂತ ಭೂಮಿ ಮೈಲಿಗೆಯಾದದ್ದು ಪುರೋಹಿತರನ್ನು ಹೆಚ್ಚು ನೋಯಿಸಿದ ಹಾಗಿದೆ.

ಇನ್ನೊಂದು ಚಿಕ್ಕ ಪಹ್ಲವಿ ಕವಿತೆ ಇದೆ, ಶಾ ವಹ್ರಾಮ್ ಬರುವುದರ ಬಗ್ಗೆ. ಹಿಂದೂಸ್ತಾನದಿಂದ ಒಬ್ಬ ದೂತ ಯಾವಾಗ ಬರುತ್ತಾನೆ, ಇರಾನಿನ ಪುರಾಣಕಥೆಗಳ ಕಯಾನಿ ರಾಜವಂಶದ ವಹ್ರಾಮ್ ಸಾವಿರ ಆನೆಗಳ ಜೊತೆ ಹೊರಟಿದ್ದಾನೆ ಅಂತ ಯಾವಾಗ ಹೇಳುತ್ತಾನೆ ಅಂತ ಶುರುವಾಗುತ್ತದೆ. ತೆರಿಗೆಯ ಭಾರದ ಗೋಳು ಇದೆ. ಮಸೀದಿಗಳನ್ನು ಕೆಡವಿ ಅಗ್ನಿಗಳನ್ನು ಸ್ಥಾಪಿಸುತ್ತೇವೆ ಅನ್ನುವ ಸಿಟ್ಟಿನ ಸಾಲೂ ಇದೆ. ಆಸ್ಥಾನದಲ್ಲಿ ಹೆಸರೆತ್ತದೆ ಜಾಣತನದಿಂದ ವಾದಿಸುತ್ತಿದ್ದ ಸಮಾಜದ ಹೊಟ್ಟೆಯೊಳಗೆ ಇಂಥ ಉರಿಯೂ ಇತ್ತು.

ಈ ಭವಿಷ್ಯವೆಲ್ಲ ನಡೆದುಹೋದ ಮೇಲೆ ಬರೆದದ್ದು ಅಥವಾ ಹಳೆಯ ಕಥೆಗೆ ಸೇರಿಸಿದ್ದು ಅನ್ನುವುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಬರೆದವರ ಲೆಕ್ಕಾಚಾರ ನೋಡಿ. ಈ ಕಷ್ಟ ಮೊದಲೇ ಬರೆದಿಟ್ಟದ್ದು ಅಂತಾದರೆ ಅದರ ಕೊನೆಯೂ ಬರೆದಿಟ್ಟಿರಲೇಬೇಕು. ಜರತುಷ್ಟ್ರನ ಸಹಸ್ರಮಾನ ಮುಗಿಯುತ್ತದೆ, ರಕ್ಷಕ ಬರುತ್ತಾನೆ, ಅಲ್ಲಿಯವರೆಗೆ ತಡೆದುಕೊಳ್ಳಿ. ಇದೂ ತಮ್ಮವರನ್ನು ಹಿಡಿದಿಡುವ ಮಾತೇ.

ಪ್ರಶ್ನೆ: ನಾನು ಕೇಳಿದ್ದು ಬೇರೆ. ಪಾರ್ಸಿ ಗ್ರಂಥದಲ್ಲಿ ಪ್ರವಾದಿ ಮುಹಮ್ಮದರ ಬರುವಿಕೆಯನ್ನು ಒಳ್ಳೆಯ ಸುದ್ದಿಯಾಗಿ ಹೇಳಿದೆ ಅಂತ ಒಂದು ಭಾಷಣದಲ್ಲಿ ಕೇಳಿದೆ.

ನೀವು ಕೇಳಿದ್ದು ಬಹುಶಃ 'ದಸಾತೀರ್' ವಿಷಯ. ಅರಬರ ನಡುವಿನಿಂದ ಒಬ್ಬ ಮನುಷ್ಯ ಬರುತ್ತಾನೆ, ಅವನ ಅನುಯಾಯಿಗಳಿಂದ ಇರಾನಿನ ಸಿಂಹಾಸನ ಉರುಳುತ್ತದೆ ಅನ್ನುವ ಮಾತು ಅದರಲ್ಲಿದೆ. ಭಾಷಣಗಳಲ್ಲಿ ಇದನ್ನು 'ಪಾರ್ಸಿಗಳ ವೇದ' ಅಂತ ಉದ್ಧರಿಸುತ್ತಾರೆ.

ಆದರೆ ದಸಾತೀರ್ ಹಳೆಯ ಜರತುಷ್ಟ್ರ ಗ್ರಂಥವಲ್ಲ. ಅದು ಮೊಘಲರ ಕಾಲದಲ್ಲಿ ಇರಾನಿನಿಂದ ಪಟನಾಕ್ಕೆ ಬಂದು ನೆಲೆಸಿದ ಆಜರ್ ಕೈವಾನ್ ಎಂಬ ಅನುಭಾವಿಯ ಪಂಥದಿಂದ ಹೊರಬಂದದ್ದು. ಅದರ ಭಾಷೆಯೇ ಯಾರೂ ಆಡದ, ಕೂತು ಕಟ್ಟಿದ ಭಾಷೆ. 1818ರಲ್ಲಿ ಮುಂಬೈಯಲ್ಲಿ ಮುಲ್ಲಾ ಫಿರೋಜ್ ಎಂಬ ಪಾರ್ಸಿ ವಿದ್ವಾಂಸರು ಅದನ್ನು ಅಚ್ಚು ಹಾಕಿಸಿದಾಗ ಸ್ವಲ್ಪ ಕಾಲ ತುಂಬಾ ಸದ್ದು ಮಾಡಿತು, ಪಾರ್ಸಿಗಳಲ್ಲೇ ಹಲವರು ನಂಬಿದರು. ಆಮೇಲೆ ಅದರ ಹುಳುಕು ಬಯಲಾಯಿತು. ಯಜ್ದೆಗರ್ದನ ಕಾಲಕ್ಕೆ ಹೆಚ್ಚುಕಮ್ಮಿ ಸಾವಿರ ವರ್ಷ ಆದಮೇಲೆ ಬರೆದದ್ದನ್ನು ಅವನ ಪೂರ್ವಜರ ಭವಿಷ್ಯವಾಣಿ ಅನ್ನಲಾಗದು.

ಇನ್ನು ಅವೆಸ್ತಾದ 'ಸಓಶ್ಯಂತ್' ಎಂಬ ರಕ್ಷಕನೇ ಮುಹಮ್ಮದರು ಅನ್ನುವ ವಾದವೂ ಇದೆ. ಆ ರಕ್ಷಕ ಹುಟ್ಟುವುದು ಒಂದು ಸರೋವರದಲ್ಲಿ ಕಾಯ್ದಿಟ್ಟ ಜರತುಷ್ಟ್ರನ ಬೀಜದಿಂದ, ಅವನು ಬಂದಾಗ ಸತ್ತವರೆಲ್ಲ ಎದ್ದು ಬರುತ್ತಾರೆ. ಮುಹಮ್ಮದರನ್ನು ಈ ಎರಡಕ್ಕೂ ಹೊಂದಿಸುವುದು ಕಷ್ಟ.

ಪ್ರಶ್ನೆ: ಎರಡು ಕಡೆಯವರು ಎದುರುಬದುರು ಕೂತು ಮಾತಾಡಿದ ದಾಖಲೆ ಇದೆಯೇ?

ಇದೆ, ಸ್ವಾರಸ್ಯವಾಗಿದೆ. 'ಗಿಜಿಸ್ತಗ್ ಅಬಾಲಿಶ್', ಅಂದರೆ ಶಾಪಗ್ರಸ್ತ ಅಬಾಲಿಶ್. ಕಥೆ ಖಲೀಫ ಅಲ್ ಮಾಮೂನ್ ಆಸ್ಥಾನದ್ದು, ಅವನು ಆಳಿದ್ದು 813ರಿಂದ 833ರವರೆಗೆ.

ಅಬಾಲಿಶ್ ಮೂಲತಃ ಜರತುಷ್ಟ್ರ ಧರ್ಮದವನೇ. ಒಂದು ದಿನ ಹಸಿದು, ಬಾಯಾರಿ ಅಗ್ನಿ ಮಂದಿರಕ್ಕೆ ಬಂದಾಗ ಯಾರೂ ಅವನಿಗೆ ಏನೂ ಕೊಡಲಿಲ್ಲ. ಆ ಸಿಟ್ಟಿಗೆ ಧರ್ಮ ಬಿಟ್ಟ. ಆಮೇಲೆ ಸಿಕ್ಕ ಸಿಕ್ಕವರ ಜೊತೆ ವಾದಕ್ಕೆ ಇಳಿಯುತ್ತಾ ಬಾಗ್ದಾದಿಗೆ ಬಂದು, ನಾನು ಮೊದಲೇ ಹೇಳಿದ ಆದುರ್‌ಫರ್ನ್‌ಬಗರಿಗೆ ಏಳು ಪ್ರಶ್ನೆ ಹಾಕಿದ. ನೀರನ್ನೂ ಬೆಂಕಿಯನ್ನೂ ಓಹರ್ಮಜ್ದನೇ ಮಾಡಿದ್ದಾದರೆ ನೀರು ಬೆಂಕಿಯನ್ನು ಯಾಕೆ ಕೊಲ್ಲುತ್ತದೆ ಅನ್ನುವಂಥವು. ಕೊನೆಯ ಪ್ರಶ್ನೆ ಸೊಂಟಕ್ಕೆ ಕಟ್ಟುವ ಪವಿತ್ರ ದಾರ ಕಸ್ತಿಯ ಬಗ್ಗೆ. ದಾರ ಕಟ್ಟಿದರೆ ಪುಣ್ಯ ಅನ್ನುವುದಾದರೆ ಹೊಟ್ಟೆಗೆ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಳ್ಳುವ ಕತ್ತೆ, ಒಂಟೆ, ಕುದುರೆಗಳೇ ಮೊದಲು ಸ್ವರ್ಗಕ್ಕೆ ಹೋಗಬೇಕಲ್ಲ? ಪುರೋಹಿತರು ಸಿಟ್ಟಾಗಲಿಲ್ಲ. ದೇಹದ ಮೇಲಿನ ಅರ್ಧ ಬೆಳಕಿನ ಜಾಗ, ಕೆಳಗಿನ ಅರ್ಧ ಕತ್ತಲೆಯ ಜಾಗ, ಕಸ್ತಿ ಎರಡರ ನಡುವಿನ ಗಡಿ ಅಂತ ವಿವರಿಸಿದರು. ಖಲೀಫನಿಗೆ ಉತ್ತರ ಹಿಡಿಸಿತು, ಅಬಾಲಿಶನಿಗೆ ಮುಖಭಂಗವಾಯಿತು.

ಇಲ್ಲಿ ಗಮನಿಸಬೇಕಾದ್ದು ಖಲೀಫನ ಪಾತ್ರ. ಬರೆದವರು ಜರತುಷ್ಟ್ರರು, ಆದರೂ ಅವನು ಇಲ್ಲಿ ರಾಕ್ಷಸನಲ್ಲ. ನ್ಯಾಯವಾಗಿ ಕೇಳಿಸಿಕೊಳ್ಳುವ ದೊರೆ. ಕೆಟ್ಟವನು ಯಾರೆಂದರೆ ಮನೆ ಬಿಟ್ಟು ಹೋದ ತಮ್ಮವನೇ. ಕಥೆ ನಿಜವಾಗಿ ಹೀಗೇ ನಡೆಯಿತೋ ಇಲ್ಲವೋ, ಬೇರೆ ಮಾತು. ಅವನಿಗೆ ಆ ದಿನ ಒಂದು ಹೊತ್ತು ಊಟ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಅನ್ನುವುದನ್ನು ಆ ಪುಸ್ತಕ ಮುಚ್ಚಿಟ್ಟಿಲ್ಲ, ಅದು ನನಗೆ ತುಂಬಾ ಹಿಡಿಸಿತು.

ಪ್ರಶ್ನೆ: ತತ್ವ, ವಾದ ಸಾಕು. ಸಾಮಾನ್ಯ ಜನ ಮುಸ್ಲಿಮರ ಜೊತೆ ಹೇಗೆ ಬದುಕುತ್ತಿದ್ದರು?

ನನ್ನ ಮೆಚ್ಚಿನ ಭಾಗ ಇದು. ಇದಕ್ಕೆ ನೋಡಬೇಕಾದ್ದು 'ರಿವಾಯತ್'ಗಳನ್ನು. ಅವೂ ಈ ಅಂಕಣದ ಥರವೇ ಪ್ರಶ್ನೋತ್ತರ. ಊರಿನವರು ಕೇಳುತ್ತಾರೆ, ಹಿರಿಯ ಪುರೋಹಿತರು ಉತ್ತರ ಬರೆಯುತ್ತಾರೆ. ಆದುರ್‌ಫರ್ನ್‌ಬಗರದು ಒಂದು ಇದೆ, 10ನೇ ಶತಮಾನದ ಏಮೇದ್ ಎಂಬ ಪುರೋಹಿತರದು ಇನ್ನೊಂದು.

ಪ್ರಶ್ನೆಗಳನ್ನು ಕೇಳಿ. ಮುಸ್ಲಿಮರು ಬಳಸುವ ಬಿಸಿನೀರಿನ ಸ್ನಾನಗೃಹಕ್ಕೆ ನಾವು ಹೋಗಬಹುದೇ? ಇವತ್ತಿಗೆ ಕ್ಷುಲ್ಲಕ ಅನ್ನಿಸುತ್ತದೆ. ಆದರೆ ಅಲ್ಲಿ ಬೆಂಕಿಗೂ ನೀರಿಗೂ ಶುದ್ಧಿಯ ನಿಯಮ ಯಾರೂ ನೋಡುತ್ತಿರಲಿಲ್ಲ, ಇವರಿಗೆ ಎರಡೂ ಪವಿತ್ರ. ಪೇಟೆಯಲ್ಲಿ ಇದ್ದವರಿಗೆ ಸ್ನಾನಗೃಹ ಅಂದರೆ ಮೈ ತೊಳೆಯುವ ಜಾಗ ಮಾತ್ರ ಅಲ್ಲ, ನಾಲ್ಕು ಜನ ಸಿಗುವ ಜಾಗ ಕೂಡ. ಜನ ಹೋಗುತ್ತಿದ್ದರು, ಅದಕ್ಕೇ ಪ್ರಶ್ನೆ ಬಂತು. ಯಾರೂ ಮಾಡದ ಕೆಲಸಕ್ಕೆ ಯಾರೂ ನಿಷೇಧ ಕೇಳುವುದಿಲ್ಲ.

ಗಂಡ ಧರ್ಮ ಬಿಟ್ಟರೆ ಹೆಂಡತಿಯ ಗತಿ ಏನು? ಧರ್ಮ ಬಿಟ್ಟವನ ಆಸ್ತಿ ಯಾರಿಗೆ? ಬಿಟ್ಟವನು ವಾಪಸ್ ಬರಬಹುದೇ, ಎಷ್ಟು ದಿನದ ಒಳಗೆ? ಏಮೇದರ ಉತ್ತರದಲ್ಲಿ ಒಂದು ವರ್ಷದ ಗಡುವು ಇದೆ. ಅಷ್ಟರೊಳಗೆ ಮರಳದಿದ್ದರೆ ಅದು ಮರಣಕ್ಕೆ ಅರ್ಹವಾದ ಪಾಪ. ಶಿಕ್ಷೆ ಜಾರಿ ಮಾಡುವ ಅಧಿಕಾರ ಇವರ ಕೈಯಲ್ಲಿ ಇರಲಿಲ್ಲ, ಅದು ಬೇರೆ. ಹಾಗಾಗಿ ಅದು ಕಾನೂನಿಗಿಂತ ಹೆಚ್ಚಾಗಿ ಬೆದರಿಕೆ, ಬೆದರಿಕೆಗಿಂತ ಹೆಚ್ಚಾಗಿ ಬೇಡಿಕೆ.

ಆಸ್ತಿಯ ಪ್ರಶ್ನೆ ಸುಮ್ನೆ ಬಂದದ್ದಲ್ಲ. ಮುಸ್ಲಿಂ ಆದವನಿಗೆ ಹಳೆಯ ಮನೆತನದ ಆಸ್ತಿಯಲ್ಲಿ ಬೇರೆ ವಾರಸುದಾರರಿಗಿಂತ ಮೊದಲ ಹಕ್ಕು ಸಿಗುವ ಪದ್ಧತಿ ಇರಾನಿನಲ್ಲಿ ಶತಮಾನಗಳ ಕಾಲ ಅವರನ್ನು ಕಾಡಿತು. ಒಬ್ಬ ತಮ್ಮ ಮತಾಂತರವಾದರೆ ಉಳಿದ ಅಣ್ಣಂದಿರು ಬೀದಿಗೆ ಬರಬಹುದಿತ್ತು. ಒಂದೊಂದು ಮನೆಯೊಳಗೂ ಅನುಮಾನ ಹುಟ್ಟಿಸುವ ಪದ್ಧತಿ ಅದು.

ಮುಂದೆ 1478ರಿಂದ 1773ರವರೆಗೆ ಗುಜರಾತಿನ ಪಾರ್ಸಿಗಳು ಇರಾನಿನ ಪುರೋಹಿತರಿಗೆ ದೂತರ ಕೈಲಿ ಪ್ರಶ್ನೆ ಕಳಿಸಿ ಉತ್ತರ ತರಿಸಿಕೊಂಡರು. ಇವುಗಳಿಗೆ ಪರ್ಷಿಯನ್ ರಿವಾಯತ್‌ಗಳು ಅಂತ ಹೆಸರು. ಮೊದಲು ಹೋದವರು ನರಿಮಾನ್ ಹೋಶಂಗ್. ಆ ಆರಂಭದ ಕಾಲದ ಉತ್ತರಗಳಲ್ಲಿ ಇರಾನಿನವರು ತಮ್ಮ ಗೋಳು ತೋಡಿಕೊಂಡಿದ್ದಾರೆ: ಪುರಾಣಕಥೆಗಳ ದುಷ್ಟ ದೊರೆಗಳಾದ ಜಹಾಕ್, ಅಫ್ರಾಸಿಯಾಬ್, ಇಲ್ಲವೇ ಅಲೆಕ್ಸಾಂಡರ್, ಯಾರ ಕಾಲದಲ್ಲೂ ಇಷ್ಟು ಕಷ್ಟ ಇರಲಿಲ್ಲ ಅಂತ. ಹಿಂದೂಸ್ತಾನದಲ್ಲೂ ತಮ್ಮವರು ಇದ್ದಾರೆ ಅಂತ ತಿಳಿದ ಸಂತೋಷವೂ ಅವುಗಳಲ್ಲಿದೆ. ಜಿಜಿಯಾದಿಂದ ಇರಾನಿನ ಜರತುಷ್ಟ್ರರಿಗೆ ಬಿಡುಗಡೆ ಸಿಕ್ಕಿದ್ದು 1882ರಲ್ಲಿ. ಮುಂಬೈ ಪಾರ್ಸಿಗಳು 1854ರಲ್ಲಿ ಕಳಿಸಿದ ಮಾನೆಕ್‌ಜಿ ಲಿಮ್‌ಜಿ ಹತಾರಿಯಾ ವರ್ಷಗಟ್ಟಲೆ ಓಡಾಡಿದ್ದರ ಫಲ ಅದು.

ಪ್ರಶ್ನೆ: ಭಾರತಕ್ಕೆ ಬಂದ ಪಾರ್ಸಿಗಳು ಏನು ಬರೆದರು?

ಇಲ್ಲಿ ವಾದ ಕಡಿಮೆ, ಕಥೆ ಜಾಸ್ತಿ. 1600ರ ಹೊತ್ತಿಗೆ ನವಸಾರಿಯ ಪುರೋಹಿತ ಬಹಮನ್ ಕೈಕೋಬಾದ್ ಪರ್ಷಿಯನ್ ಪದ್ಯದಲ್ಲಿ ಬರೆದ 'ಕಿಸ್ಸಾ ಎ ಸಂಜಾನ್' ಮುಖ್ಯ. ಇರಾನಿನಿಂದ ಹೊರಟದ್ದು, ಗುಜರಾತಿನ ಸಂಜಾನಿನ ರಾಜ ಜಾದಿ ರಾಣಾ ಆಶ್ರಯ ಕೊಟ್ಟದ್ದು, ಆಮೇಲೆ ಸುಲ್ತಾನ್ ಮಹಮೂದನ ಸೇನೆ ಬಂದಾಗ ಹಿಂದೂ ರಾಜನ ಪರ ನಿಂತು ಕಾದಾಡಿದ್ದು, ಪವಿತ್ರ ಅಗ್ನಿಯನ್ನು ಹೊತ್ತು ಬಹರೋತ್ ಗುಡ್ಡಕ್ಕೆ ಓಡಿದ್ದು ಎಲ್ಲ ಇದೆ. ಇಸ್ಲಾಂ ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲ. ಅಂದಹಾಗೆ ಹಾಲಿಗೆ ಸಕ್ಕರೆ ಬೆರೆಸಿದ ಪ್ರಸಿದ್ಧ ಕಥೆಯೂ ಅದರಲ್ಲಿ ಇಲ್ಲ.

ಇನ್ನೊಂದು ವಿಚಿತ್ರ ದಾಖಲೆ ಇದೆ. ಪ್ರವಾದಿ ಮುಹಮ್ಮದರೇ ತಮ್ಮ ಸಂಗಡಿಗ, ಪರ್ಷಿಯಾದ ಸಲ್ಮಾನರ ಸಂಬಂಧಿಕರಿಗೆ ಕೊಟ್ಟ ಅಭಯಪತ್ರ ಅಂತ ಒಂದನ್ನು ಪಾರ್ಸಿಗಳು ಕಾಪಾಡಿಕೊಂಡು ಬಂದಿದ್ದರು. ಇವರಿಗೆ ತೊಂದರೆ ಕೊಡಬೇಡಿ, ಇವರ ಅಗ್ನಿ ಮಂದಿರಗಳನ್ನು ಮುಟ್ಟಬೇಡಿ ಅನ್ನುವುದು ಅದರ ಸಾರ. 1851ರಲ್ಲಿ ಮುಂಬೈಯಲ್ಲಿ ಅಚ್ಚಾಯಿತು. ಅಷ್ಟು ಹಳೆಯದಲ್ಲ ಅಂತ ವಿದ್ವಾಂಸರ ಅಭಿಪ್ರಾಯ. ಇರಲಿ. ಒಂದು ಕಡೆ ಮಸೀದಿ ಕೆಡವುವ ಕವಿತೆ, ಇನ್ನೊಂದು ಕಡೆ ಆ ಧರ್ಮದ ಪ್ರವಾದಿಯ ಹೆಸರಿನಲ್ಲೇ ರಕ್ಷಣೆ ಕೇಳುವ ಪತ್ರ, ಎರಡೂ ಒಂದೇ ಸಮುದಾಯದ ಪೆಟ್ಟಿಗೆಯಿಂದ ಬಂದವು.

ಪ್ರಶ್ನೆ: ಇಸ್ಲಾಂ ವಿರುದ್ಧ ವಾದಕ್ಕೆ ಇವತ್ತು ಈ ಗ್ರಂಥಗಳನ್ನು ಬಳಸಬಹುದೇ?

ಬಳಸುವವರು ಬಳಸುತ್ತಿದ್ದಾರೆ, ನಾನು ತಡೆಯಲಾರೆ. ಆದರೆ ಮರ್ದಾನ್ ಫರ್ರುಖನ ಅಧ್ಯಾಯವನ್ನು ಪೂರ್ತಿ ಓದಿ. ಸರ್ವಶಕ್ತನಾದ ಒಬ್ಬನೇ ದೇವರನ್ನು ನಂಬುವ ಯಾರಿಗೇ ಆದರೂ ಆ ಪ್ರಶ್ನೆಗಳು ತಾಗುತ್ತವೆ, ನಿಮಗೂ ತಾಗಬಹುದು.

ಪ್ರಶ್ನೆ: ಇವೆಲ್ಲ ಹೇಗೆ ಉಳಿದವು? ಓದಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಉಳಿದದ್ದೇ ದೊಡ್ಡದು. ದೇನ್‌ಕರ್ದ್‌ನ ಮುಖ್ಯ ಹಸ್ತಪ್ರತಿ 1659ರಲ್ಲಿ ಇರಾನಿನಲ್ಲಿ ನಕಲು ಮಾಡಿದ್ದು, 1783ರಲ್ಲಿ ಸೂರತ್‌ಗೆ ಬಂತು. ಅದೊಂದು ಪ್ರತಿ ದಾರಿಯಲ್ಲಿ ಕಳೆದಿದ್ದರೆ ಇವತ್ತು ಆ ಗ್ರಂಥದ ಬಹುಭಾಗ ನಮಗೆ ಸಿಗುತ್ತಿರಲಿಲ್ಲ. ಶ್ಕಂದ್ ಗುಮಾನಿಗ್ ವಿಜಾರ್‌ನ ಪಹ್ಲವಿ ಮೂಲ ಕಳೆದೇಹೋಗಿದೆ. ಅದು ಉಳಿದದ್ದು ಗುಜರಾತಿನ ಪಾರ್ಸಿ ಪುರೋಹಿತ ನೇರ್ಯೋಸಂಘ ಧವಲರ ದಯೆಯಿಂದ. ಅವರು ಅದನ್ನು ಸುಲಭ ಲಿಪಿಗೆ ಇಳಿಸಿ, ಸಂಸ್ಕೃತಕ್ಕೂ ಅನುವಾದ ಮಾಡಿದ್ದರು. ಇಬ್ಲೀಸನ ಮೇಲೆ ಪರ್ಷಿಯನ್ನನೊಬ್ಬ ಎತ್ತಿದ ಆಕ್ಷೇಪ ಸಂಸ್ಕೃತದಲ್ಲಿ ಸಿಗುತ್ತದೆ ಅಂದರೆ ನಂಬುತ್ತೀರಾ?

ಶುರು ಮಾಡುವುದಾದರೆ ಅಬಾಲಿಶನಿಂದ ಮಾಡಿ. ಕೆಲವೇ ಪುಟ, ಒಂದೇ ಕೂರಿಕೆಗೆ ಮುಗಿಯುತ್ತದೆ. ಇಂಗ್ಲಿಷ್ ಅನುವಾದ ಇದೆ. ಆಮೇಲೆ ಮರ್ದಾನ್ ಫರ್ರುಖನ 11ನೇ ಅಧ್ಯಾಯ, ಅದಕ್ಕೆ ಸ್ವಲ್ಪ ತಾಳ್ಮೆ ಬೇಕು. ದೇನ್‌ಕರ್ದ್‌ನ ಮೂರನೇ ಭಾಗವನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಒಂದೊಂದು ವಾಕ್ಯ ಎಲ್ಲಿ ಮುಗಿಯುತ್ತದೆ ಅಂತ ಪಹ್ಲವಿ ಪಂಡಿತರೇ ಇನ್ನೂ ಜಗಳ ಆಡುತ್ತಿದ್ದಾರೆ.